ಎಎಬಿ: ಬ್ಲೂಸ್ ಹಾಡು ಕಟ್ಟುವ ಮೂರು ಸಾಲು

ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ. ಅಂಥ ಹಾಡು ಬರೆಯುವುದನ್ನು ಕಲಿಯಲು ಮೂರು ಅಕ್ಷರ ನೆನಪಿಟ್ಟುಕೊಂಡರೆ ಸಾಕು: ಎ, ಎ, ಬಿ. ಒಂದು ಸಾಲು ಹಾಡಬೇಕು. ಅದನ್ನೇ ಇನ್ನೊಂದು ಸಲ ಹಾಡಬೇಕು. ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಟ್ಟು, ಕೊನೆಗೆ ಪ್ರಾಸ ಕೂಡಿಸಬೇಕು. ಒಂದು ಚರಣ ಆಯಿತು. ಇಂಥ ನಾಲ್ಕೈದು ಸೇರಿದರೆ ಹಾಡು.

ಕನ್ನಡದಲ್ಲೇ ಒಂದು ಕಟ್ಟಿ ನೋಡೋಣ:

ಬಸ್ಸು ಬಂತು, ಕೈ ಮಾಡಿದೆ, ನಿಲ್ಲದೆ ಹೋಯ್ತಲ್ಲ
ಹೌದು, ಬಸ್ಸು ಬಂತು, ಕೈ ಮಾಡಿದೆ, ನಿಲ್ಲದೆ ಹೋಯ್ತಲ್ಲ
ಕಿಟಕೀಲಿ ಕೂತ ಗೆಳೆಯ ಕೂಡ ತಿರುಗಿ ನೋಡ್ಲಿಲ್ಲ

ಮೂರನೆಯ ಸಾಲನ್ನು ಗಮನಿಸಿ. ಹೊಸದಾಗಿ ಬರೆಯುವವರು ಇಲ್ಲಿ 'ನನ್ನ ಮನಸಿನ ನೋವು ಯಾರಿಗೂ ಕಾಣಲಿಲ್ಲ' ಎಂದು ಬರೆದುಬಿಡುತ್ತಾರೆ. ಪ್ರಾಸವೇನೋ ಕೂತಿತು. ಆದರೆ ಆ ಸಾಲು ಯಾರ ಹಾಡಿಗೆ ಬೇಕಾದರೂ ಹೊಂದುತ್ತದೆ. ಕಿಟಕಿಯಲ್ಲಿ ಗೆಳೆಯ ಕೂತಿದ್ದ ಎಂದಾಗ ಮಾತ್ರ ಅದು ರಸ್ತೆಯಲ್ಲಿ ನಿಂತ ಆ ಒಬ್ಬನ ಹಾಡು. ಬ್ಲೂಸ್ ಕಲಿಸುವುದೆಂದರೆ ಮುಕ್ಕಾಲು ಪಾಲು ಇದನ್ನು ಕಲಿಸುವುದೇ. ನೋವು ಅನ್ನುವ ಪದ ಬಿಡಿ, ನೋವಾದ ಜಾಗ ಹೇಳಿ.

ದೊಡ್ಡ ಹಾಡುಗಾರರು ಮಾಡಿದ್ದೂ ಇದನ್ನೇ. 1927ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಒಡ್ಡು ಒಡೆದು ಊರೂರೇ ಮುಳುಗಿದವು. ಚಾರ್ಲಿ ಪ್ಯಾಟನ್ 1929ರಲ್ಲಿ ಆ ನೆರೆಯ ಬಗ್ಗೆ ರೆಕಾರ್ಡ್ ಮಾಡಿದ ಹಾಡಿನಲ್ಲಿ ಲೀಲ್ಯಾಂಡ್, ಗ್ರೀನ್‌ವಿಲ್, ರೋಸ್‌ಡೇಲ್ ಎಂದು ಊರಿನ ಹೆಸರುಗಳೇ ಬರುತ್ತಾ ಹೋಗುತ್ತವೆ. ನೀರು ಎಲ್ಲಿ ಏರಿತು, ಈಗ ಎಲ್ಲಿಗೆ ಓಡುವುದು, ಇಷ್ಟೇ ಅವನ ಚಿಂತೆ.

ಸರಿ, ಒಂದೇ ಸಾಲು ಎರಡು ಸಲ ಯಾಕೆ? ಸುಮ್ನೆ ಜಾಗ ತುಂಬಿಸಲು ಅಲ್ಲ. ಒಂದು ಚರಣಕ್ಕೆ 12 ಬಾರ್. ಬಾರ್ ಎಂದರೆ ನಾಲ್ಕು ಎಣಿಕೆ. ಸಾಲಿಗೆ ನಾಲ್ಕು ಬಾರ್. ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ; ಸಿ, ಎಫ್, ಜಿ ಅಂಥ ಮೂರು ಕಾರ್ಡ್‌ಗಳ ಹೆಸರು. ಸಿ ಹಿಡಿದು ಶುರು ಮಾಡಿದರೆ ಮೊದಲ ಸಾಲು ಪೂರ್ತಿ ಸಿ ಕಾರ್ಡ್ ಮೇಲೆ ಸಾಗುತ್ತದೆ. ಎರಡನೆಯ ಸಾಲು ಎಫ್ ಮೇಲೆ ಶುರುವಾಗಿ ಸಿಗೆ ಮರಳುತ್ತದೆ. ಮೂರನೆಯದು ಜಿಗೆ ಹೋಗಿ, ಎಫ್ ಮುಟ್ಟಿ, ಮತ್ತೆ ಸಿಗೆ. ಅಂದರೆ ಎರಡನೆಯ ಸಲ ಮಾತು ಅದೇ, ಹಿನ್ನೆಲೆಯ ಸ್ವರ ಬೇರೆ. ಮೊದಲು ಸುದ್ದಿಯಂತಿದ್ದ ಸಾಲು ಈಗ ದೂರಿನಂತೆ ಕೇಳಿಸುತ್ತದೆ. ಕೇಳುವವರಿಗೂ ಮುಂದೇನು ಅನ್ನುವ ಕಾತರ ಹುಟ್ಟುತ್ತದೆ. ಸ್ಥಳದಲ್ಲೇ ಹಾಡು ಕಟ್ಟುವವನಿಗಂತೂ ಆ ಹೊತ್ತಿನಲ್ಲಿ ಮೂರನೆಯ ಸಾಲು ಹುಡುಕಿಕೊಳ್ಳಲು ಬಿಡುವು ಸಿಗುತ್ತದೆ.

ಇನ್ನೊಂದು ವಿಷಯ. ನಾಲ್ಕು ಬಾರ್‌ನಲ್ಲಿ ದನಿಗೆ ಸಿಗುವುದು ಸುಮಾರು ಅರ್ಧ. ಉಳಿದದ್ದು ಗಿಟಾರಿನ ಉತ್ತರಕ್ಕೆ. ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಕೆಲಸದ ಹಾಡುಗಳಲ್ಲಿ ಒಬ್ಬ ಕೂಗಿದರೆ ಉಳಿದವರು ಓಗೊಡುತ್ತಿದ್ದರು. ಅದೇ ರೂಢಿ ಇಲ್ಲಿಗೂ ಬಂದಿದೆ. ವಿದ್ಯಾರ್ಥಿಗಳು ಸಾಲನ್ನು ಜಾಸ್ತಿ ಉದ್ದ ಮಾಡಿದಾಗ ಈ ಉತ್ತರಕ್ಕೆ ಜಾಗವೇ ಇರುವುದಿಲ್ಲ. ಆಗ ತಿದ್ದುವುದಕ್ಕಿಂತ ಚಪ್ಪಾಳೆ ಎಣಿಸುತ್ತಾ ಗಟ್ಟಿಯಾಗಿ ಹಾಡಿಸುವುದು ಮೇಲು. ಎಲ್ಲಿ ಉಸಿರು ಸಾಲದೋ ಅಲ್ಲಿ ಪದ ತಾನಾಗಿ ಉದುರುತ್ತದೆ.

ಎಎಬಿ ಹೆಚ್ಚು ಬಳಕೆಯದು, ಆದರೆ ಅದೊಂದೇ ದಾರಿಯಲ್ಲ. 1903ರ ಸುಮಾರಿಗೆ ಮಿಸಿಸಿಪ್ಪಿ ರಾಜ್ಯದ ಟಟ್ವೈಲರ್ ರೈಲು ನಿಲ್ದಾಣದಲ್ಲಿ ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ಒಬ್ಬ ಬಡ ಗಿಟಾರುಗಾರನನ್ನು ಕಂಡರು. ಆತ ತಂತಿಯ ಮೇಲೆ ಚಾಕು ಒತ್ತಿ ನುಡಿಸುತ್ತಾ ಒಂದೇ ಸಾಲನ್ನು ಮೂರು ಸಲ ಹಾಡುತ್ತಿದ್ದ. ಹಾಗಾಗಿ ಮೂರನೆಯ ಸಾಲು ಹೊಳೆಯದೆ ಕೂತ ಹುಡುಗಿಗೆ ಮೊದಲ ಸಾಲನ್ನೇ ಮೂರು ಸಲ ಹಾಡು ಎಂದರೆ ತಪ್ಪಿಲ್ಲ. ಅದೂ ಬ್ಲೂಸೇ.

ಮುಂದಿನ ಚರಣದಲ್ಲಿ ಕಥೆ ಮುಂದುವರಿಯಲೇಬೇಕು ಎಂದೇನಿಲ್ಲ. ಬಸ್ಸು ತಪ್ಪಿದ ಚರಣದ ಪಕ್ಕದಲ್ಲೇ ಅಪ್ಪನ ಸಾಲದ ಚರಣ ಬರಬಹುದು. ಕೊನೆಗೆ ಎಲ್ಲ ಸರಿಹೋಯಿತು ಎಂದು ಬರೆಸಲು ಮಾತ್ರ ಮೇಷ್ಟ್ರು ಒತ್ತಾಯ ಮಾಡಬಾರದು. ಬಸ್ಸು ನಿಂತಿಲ್ಲ ಅಂದಮೇಲೆ ನಿಂತಿಲ್ಲ.