ಹಿಡಿಕೆ ಬಿಚ್ಚಿದರೆ ಜಾಗ, ಸಿಕ್ಕಿಸಿದರೆ ಸನ್ನೆಕೋಲು

ಅಡುಗೆಮನೆಯ ಡ್ರಾಯರ್ ಮುಚ್ಚದೆ ಸತಾಯಿಸುತ್ತಿದ್ದರೆ ಒಳಗೆ ಕೈ ಹಾಕಿ ನೋಡಿ. ಸಾಮಾನ್ಯವಾಗಿ ಸಿಕ್ಕಿಹಾಕಿಕೊಂಡಿರುವುದು ಬಾಣಲೆಯ ಬಾಲ, ಅಂದರೆ ಹಿಡಿಕೆ. ದಿನಕ್ಕೆ ಕೆಲವೇ ನಿಮಿಷ ಬೇಕಾಗುವ ವಸ್ತು ಇಪ್ಪತ್ತನಾಲ್ಕು ಗಂಟೆಯೂ ಜಾಗ ಹಿಡಿದು ಕೂತಿರುತ್ತದೆ. ಇದಕ್ಕೆ ಉಪಾಯ ಕ್ಲಿಪ್ ಹಿಡಿಕೆ: ಬೇಕಾದಾಗ ಪಾತ್ರೆಯ ಅಂಚಿಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿಡುವಂಥದ್ದು.

ಒಂದು ಸಣ್ಣ ಲೆಕ್ಕ ಮಾಡೋಣ. ಬಾಣಲೆಯ ಅಗಲ 24 ಸೆಂಟಿಮೀಟರ್, ಹಿಡಿಕೆ 18 ಸೆಂಟಿಮೀಟರ್ ಅಂದುಕೊಳ್ಳಿ. ಇದನ್ನು ಇಡಲು 24 ಅಗಲ, 42 ಉದ್ದದ ಜಾಗ ಬೇಕು. ಅಂದರೆ 1,008 ಚದರ ಸೆಂಟಿಮೀಟರ್. ಹಿಡಿಕೆ ಬಿಚ್ಚಿಟ್ಟರೆ 576 ಸಾಕು. ಇದಕ್ಕಿಂತ ದೊಡ್ಡ ಲಾಭ ಎತ್ತರದಲ್ಲಿದೆ. ಹಿಡಿಕೆ ಇರುವ ಚಿಕ್ಕ ಬಾಣಲೆಯನ್ನು ದೊಡ್ಡದರೊಳಗೆ ಇಡಲು ಹೋದರೆ ಹಿಡಿಕೆ ದೊಡ್ಡದರ ಅಂಚಿಗೆ ತಾಗಿ ನಿಲ್ಲುತ್ತದೆ. ಪಾತ್ರೆ ಸೊಟ್ಟಗೆ ತೇಲಾಡುತ್ತದೆ. ಹಿಡಿಕೆ ಇಲ್ಲದಿದ್ದರೆ 16, 18, 20 ಸೆಂಟಿಮೀಟರಿನ ಮೂರು ಪಾತ್ರೆಗಳು ಒಂದರ ಹೊಟ್ಟೆಯಲ್ಲಿ ಒಂದು ಆರಾಮಾಗಿ ಕೂರುತ್ತವೆ.

ಸರಿ, ಜಾಗ ಉಳಿಯಿತು. ಆದರೆ ರಿವೆಟ್ ಹೊಡೆದು ಗಟ್ಟಿಯಾಗಿ ಕೂರಿಸಿದ್ದ ಹಿಡಿಕೆಯ ಕೆಲಸವನ್ನು ಈಗ ಒಂದು ಕ್ಲಿಪ್ ಮಾಡಬೇಕು. ಅದರ ಪಾಡು ಎಂಥದ್ದು ನೋಡಿ. ಪಾತ್ರೆಯ ತೂಕ 1 ಕಿಲೊ, ಒಳಗೆ 2 ಲೀಟರ್ ನೀರು. ಒಟ್ಟು 3 ಕಿಲೊ. ಈ ಭಾರವೆಲ್ಲ ಪಾತ್ರೆಯ ನಡುವೆ, ಅಂದರೆ ಅಂಚಿನಿಂದ 12 ಸೆಂಟಿಮೀಟರ್ ಆಚೆ ಜಗ್ಗುತ್ತದೆ. ಕ್ಲಿಪ್ಪಿನ ಒಂದು ನಾಲಿಗೆ ಅಂಚಿನ ಒಳಗಿನಿಂದ ಕೊಕ್ಕೆ ಹಾಕಿರುತ್ತದೆ. ಇನ್ನೊಂದು ತುದಿ ಸುಮಾರು 3 ಸೆಂಟಿಮೀಟರ್ ಕೆಳಗೆ ಹೊರಗೋಡೆಗೆ ಒತ್ತಿಕೊಂಡಿರುತ್ತದೆ. ಸನ್ನೆಕೋಲಿನ ಲೆಕ್ಕದಲ್ಲಿ 3ನ್ನು 12ರಿಂದ ಗುಣಿಸಿ 3ರಿಂದ ಭಾಗಿಸಿ. ಆ ಪುಟ್ಟ ನಾಲಿಗೆ 12 ಕಿಲೊ ತೂಗುವಷ್ಟು ಬಲವನ್ನು ತಡೆಯಬೇಕು! ನೀವು ಎತ್ತಿದ್ದು ಬರೀ ಮೂರು ಕಿಲೊ.

ಹಾಗೆ ನೋಡಿದರೆ ಇಕ್ಕಳವೂ ಬಿಚ್ಚಿಡುವ ಹಿಡಿಕೆಯೇ, ಅಲ್ವಾ? ಒಂದೇ ಇಕ್ಕಳ, ಎಷ್ಟು ಪಾತ್ರೆಗಾದರೂ ಆಯಿತು. ಆದರೆ ಇಕ್ಕಳದ ಬಿಗಿತ ನಿಮ್ಮ ಬೆರಳಿನಲ್ಲಿದೆ. ಕೈ ಸೋತರೆ ಪಾತ್ರೆ ಜಾರುತ್ತದೆ. ಕ್ಲಿಪ್ ಹಿಡಿಕೆಯಲ್ಲಿ ಹಾಗಲ್ಲ, ಒಮ್ಮೆ ಒತ್ತಿ ಕೂರಿಸಿದರೆ ಬಿಗಿತವನ್ನು ಅದೇ ಕಾಯ್ದುಕೊಳ್ಳುತ್ತದೆ.

ಹೇಗೆ ಅಂತ ತಿಳಿಯಲು ಸುಮ್ನೆ ಎದ್ದು ನಿಲ್ಲಿ. ಮೊಣಕಾಲು ನೆಟ್ಟಗಿದ್ದಾಗ ಇಡೀ ಮೈಭಾರ ಹೊತ್ತರೂ ಕಾಲಿಗೆ ಶ್ರಮವೇ ಗೊತ್ತಾಗುವುದಿಲ್ಲ. ಸ್ವಲ್ಪ ಬಗ್ಗಿಸಿ ನಿಂತು ನೋಡಿ, ನಿಮಿಷದಲ್ಲಿ ತೊಡೆ ನಡುಗುತ್ತದೆ. ಹಲವು ಕ್ಲಿಪ್ ಹಿಡಿಕೆಗಳ ಒಳಗೆ ಇಂಥದ್ದೇ ಒಂದು ಮೊಣಕಾಲಿದೆ. ಎರಡು ಪಟ್ಟಿಗಳು ಒಂದು ಕೀಲಿನಲ್ಲಿ ಕೂಡಿರುತ್ತವೆ. ಲಿವರ್ ಒತ್ತಿದಂತೆ ಅವು ನೆಟ್ಟಗಾಗುತ್ತಾ ಹೋಗುತ್ತವೆ. ಪೂರ್ತಿ ನೆಟ್ಟಗಾಗುವ ಹೊತ್ತಿಗೆ ಹೆಬ್ಬೆರಳಿನ ಸಣ್ಣ ಒತ್ತಡ ತುದಿಯಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಆಮೇಲೆ ಕೀಲು ನೇರ ಗೆರೆಯನ್ನು ಕೂದಲೆಳೆಯಷ್ಟು ದಾಟಿ ಆಚೆ ವಾಲುತ್ತದೆ. 'ಟಕ್' ಅನ್ನುವ ಸದ್ದು ಅದೇ. ಇನ್ನು ಪಾತ್ರೆ ಜಗ್ಗಿದಷ್ಟೂ ಕೀಲು ವಾಲಿದ ಕಡೆಗೇ ಒತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುವ ಕಡೆಗಲ್ಲ. ಕೆಲವು ಹಿಡಿಕೆಗಳಲ್ಲಿ ಬಿಡಿಸಲು ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಬೇಕಾಗಿ ಮಾಡಿರುವುದು ಯಾಕೆಂದರೆ ಒಂದಕ್ಕೆ ಬೆರಳು ತಾಗುವುದು ಸುಲಭ, ಎರಡಕ್ಕೂ ಒಟ್ಟಿಗೆ ತಾಗುವುದು ಕಷ್ಟ.

ಈ ಲಾಕಿಗೂ ಒಂದು ದೌರ್ಬಲ್ಯವಿದೆ. ಪಾತ್ರೆ ಕೆಳಗೆ ಬೀಳದಂತೆ ಕೊಕ್ಕೆ ತಡೆಯುತ್ತದೆ. ಪಕ್ಕಕ್ಕೆ ತಿರುಗದಂತೆ ತಡೆಯುವುದು ಮುಖ್ಯವಾಗಿ ಘರ್ಷಣೆ. ಅಂಚಿಗೆ ಎಣ್ಣೆ ಮೆತ್ತಿದ್ದರೆ ಆ ಘರ್ಷಣೆ ಹೋಯಿತು. ಒಮ್ಮೆ ನೀರು ಬಸಿಯಲು ಬಾಣಲೆ ಓರೆ ಮಾಡಿದಾಗ ಹಿಡಿಕೆ ಮಾತ್ರ ತಿರುಗಿತು, ಬಾಣಲೆ ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ಸಿಂಕಿನ ಮೇಲಿದ್ದೆ, ಬಚಾವಾದೆ. ಈಗ ಸಿಕ್ಕಿಸುವ ಮುಂಚೆ ಅಂಚು ಒರೆಸುತ್ತೇನೆ. ಕಾದ ಎಣ್ಣೆ ತುಂಬಿದ ದೊಡ್ಡ ಪಾತ್ರೆಯನ್ನಂತೂ ಕ್ಲಿಪ್ಪಿನಲ್ಲಿ ಎತ್ತುವುದೇ ಇಲ್ಲ. ಅದಕ್ಕೆ ಎರಡು ಕಿವಿ ಇರುವ ಪಾತ್ರೆಯೇ ವಾಸಿ.

ಬಿಸಿಯ ವಿಷಯದಲ್ಲಿ ಕ್ಲಿಪ್ಪಿಗೆ ಒಂದು ಅನುಕೂಲವಿದೆ. ಎರಡು ಲೋಹಗಳು ಒತ್ತಿಕೊಂಡಂತೆ ಕಂಡರೂ ಸೂಕ್ಷ್ಮವಾಗಿ ನೋಡಿದರೆ ಗುಡ್ಡಗಳ ತುದಿಗಳಷ್ಟೇ ತಾಗಿರುತ್ತವೆ. ನಡುವಿನ ಕಣಿವೆಗಳಲ್ಲಿ ಗಾಳಿ. ಹಾಗಾಗಿ ಶಾಖ ಕೈಕಡೆಗೆ ತಡವರಿಸುತ್ತಾ ಬರುತ್ತದೆ. ಆಮೇಲೆ ಹಿಡಿಕೆಯ ಪ್ಲಾಸ್ಟಿಕ್ ಇದೆ. ಎಷ್ಟೋ ಹಿಡಿಕೆಗಳು ಬೇಕಲೈಟ್‌ನವು, ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದದ್ದು. ಅದು ಶಾಖ ಸಾಗಿಸುವ ವೇಗ ಅಲ್ಯೂಮಿನಿಯಂಗೆ ಹೋಲಿಸಿದರೆ ಸುಮಾರು ಸಾವಿರದಲ್ಲಿ ಒಂದು ಪಾಲು. ಸುಟ್ಟ ಇಟ್ಟಿಗೆ ಮತ್ತೆ ಮಣ್ಣಾಗದ ಹಾಗೆ ಇದೂ ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ. ಆದರೆ ಉರಿ ತಾಗಿದರೆ ಕರಕಲಾಗುತ್ತದೆ. ಅದಕ್ಕೇ ಓವನ್ನಿಗೆ ಇಡುವಾಗ ಹಿಡಿಕೆ ಹೊರಗೆ, ಪಾತ್ರೆ ಒಳಗೆ.

ಒಂದರೊಳಗೊಂದು ಇಡುವಾಗ ನಡುವೆ ಒಂದು ಬಟ್ಟೆ ಹಾಕಿ. ನಾನ್‌ಸ್ಟಿಕ್ ಲೇಪಕ್ಕೆ ಗೀರು ಬೀಳುವುದಿಲ್ಲ, ಪಾತ್ರೆಗಳು ಕಚ್ಚಿಕೊಳ್ಳುವುದೂ ಇಲ್ಲ. ಬಟ್ಟೆ ಹಾಕದೆ ಎರಡು ಅಲ್ಯೂಮಿನಿಯಂ ಪಾತ್ರೆ ಕಚ್ಚಿಕೊಂಡಾಗ ನಾನು ಗುದ್ದಾಡಿ ಸೋತಿದ್ದೆ. ಕೊನೆಗೆ ಒಳಗಿನದಕ್ಕೆ ಐಸ್ ನೀರು ತುಂಬಿ, ಹೊರಗಿನದನ್ನು ಬಿಸಿನೀರಿನಲ್ಲಿಟ್ಟೆ. 20 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ 50 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು 0.23 ಮಿಲಿಮೀಟರ್. ಅಷ್ಟು ಸಾಕಾಯಿತು.

ಮೂರು ಪಾತ್ರೆಗೆ ಒಂದೇ ಹಿಡಿಕೆ ಅನ್ನುವ ಲೆಕ್ಕವೂ ಚೆನ್ನಾಗಿಯೇ ನಡೆದಿತ್ತು, ಎರಡು ಪಾತ್ರೆ ಒಟ್ಟಿಗೆ ಉಕ್ಕಿದ ಆ ಸಂಜೆಯವರೆಗೆ. ಈಗ ಎರಡು ಹಿಡಿಕೆ ಇವೆ. ಡ್ರಾಯರ್ ಇನ್ನೂ ಮುಚ್ಚುತ್ತದೆ.