ಪ್ಯಾಂಕ್ರಿಯಾಸ್ ಆಪರೇಷನ್ ನಂತರ 'ಲೀಕ್' ಅಂದರೆ ಆಪರೇಷನ್ ಕೆಟ್ಟಿತು ಅಂತಲೇ?

ಪ್ರಶ್ನೆ: ನಮ್ಮ ತಂದೆಗೆ ಬೆಂಗಳೂರಿನಲ್ಲಿ ವಿಪ್ಪಲ್ ಆಪರೇಷನ್ ಆಗಿ ಐದು ದಿನ ಆಯ್ತು. ಹೊಟ್ಟೆಗೆ ಹಾಕಿದ ಪೈಪಿನಲ್ಲಿ ಇನ್ನೂ ನೀರು ಬರ್ತಿದೆ. ಡಾಕ್ಟರು 'ಲೀಕ್ ಇದೆ, ನೋಡೋಣ' ಅಂದರು. ಆಪರೇಷನ್ ಸರಿಯಾಗಿ ಆಗಿಲ್ವಾ?

ಉತ್ತರ: ಹಾಗೆ ಅಂದುಕೊಳ್ಳಬೇಡಿ. ಒಳ್ಳೆಯ ಕೈ ಮಾಡಿದ ಆಪರೇಷನ್ನಿನಲ್ಲೂ ಲೀಕ್ ಆಗುತ್ತದೆ. ಅದನ್ನು ಎಷ್ಟು ಬೇಗ ಗುರುತಿಸುತ್ತಾರೆ ಅನ್ನುವುದೇ ಮುಖ್ಯ.

ವಿಪ್ಪಲ್‌ನಲ್ಲಿ ಪ್ಯಾಂಕ್ರಿಯಾಸ್‌ನ (ಜೀರ್ಣರಸ ಮಾಡುವ ಮೇದೋಜೀರಕ ಗ್ರಂಥಿಯ) ತಲೆ ಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ತೆಗೆಯುತ್ತಾರೆ. ಉಳಿದ ಪ್ಯಾಂಕ್ರಿಯಾಸನ್ನು ಸಾಮಾನ್ಯವಾಗಿ ಕರುಳಿಗೆ ಹೊಲಿಯುತ್ತಾರೆ. ಕಷ್ಟ ಇರುವುದು ಈ ಹೊಲಿಗೆಯಲ್ಲೇ; ಇಲ್ಲಿಂದ ಜೀರ್ಣರಸ ಸೋರುವುದನ್ನೇ ಲೀಕ್ ಅನ್ನುವುದು. ವಿಚಿತ್ರ ಅನ್ನಿಸಬಹುದು, ಆದರೆ ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್‌ಗೇ ಲೀಕ್ ಜಾಸ್ತಿ. ಅದು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ದಾರ ಹಿಡಿಯುವುದಿಲ್ಲ. ಹಳೇ ಕಾಯಿಲೆಯಿಂದ ಗಟ್ಟಿಯಾದದ್ದು ಹೊಲಿಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಒಳಗಿನ ನಾಳ ತೀರಾ ಸಣ್ಣದಿದ್ದರೂ ಅಪಾಯ ಹೆಚ್ಚು.

ಮೂರನೇ ದಿನ ಅಥವಾ ಆಮೇಲೆ ಡ್ರೈನಿನ (ಹೊಟ್ಟೆಗೆ ಹಾಕಿದ ಪೈಪಿನ) ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಎಷ್ಟಿದೆ ಅಂತ ನೋಡುತ್ತಾರೆ. ರಕ್ತದಲ್ಲಿ ಸಾಮಾನ್ಯವಾಗಿ ಇರಬಹುದಾದ ಗರಿಷ್ಠ ಮಟ್ಟದ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಲೀಕ್ ಎನ್ನುತ್ತಾರೆ. ರೋಗಿಗೆ ಬೇರೆ ತೊಂದರೆ ಇಲ್ಲದೆ ಈ ಸಂಖ್ಯೆ ಮಾತ್ರ ಏರಿದ್ದರೆ, 2016ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಅದು ನಿಜವಾದ ಫಿಸ್ಟುಲಾ (ತೊಂದರೆ ಕೊಡುವ ಸೋರಿಕೆ) ಅಲ್ಲ. ನಿಮ್ಮ ತಂದೆಯದು ಯಾವ ಹಂತದ್ದು, ಬರೀ ಸಂಖ್ಯೆ ಏರಿದ್ದಾ, ಇಲ್ಲ ಬಿ (ಚಿಕಿತ್ಸೆ ಬದಲಿಸಬೇಕಾದದ್ದು) ಅಥವಾ ಸಿ (ತೀರಾ ಗಂಭೀರವಾದದ್ದು) ಗ್ರೇಡಾ ಅಂತ ಡಾಕ್ಟರನ್ನೇ ಕೇಳಿ. ಧಾರಾಳವಾಗಿ ಕೇಳಿ, ಸಂಕೋಚ ಬೇಡ.

ಡ್ರೈನ್ ಬ್ಯಾಗಿನ ಬಣ್ಣದ ಮೇಲೆ ನೀವೂ ಕಣ್ಣಿಡಿ. ನೀರು ಬೂದು ಬಣ್ಣಕ್ಕೆ, ಕದಡಿದ ಹಾಗೆ ತಿರುಗಿದರೆ ನರ್ಸಿಗೆ ತೋರಿಸಿ. ಕೆಲವು ದಿನಗಳ ನಂತರ ಸ್ವಲ್ಪವೇ ಸ್ವಲ್ಪ ಹೊಸ ರಕ್ತ ಕಂಡು ತಾನಾಗೇ ನಿಂತರೂ ಸುಮ್ಮನಿರಬೇಡಿ. ಜೀರ್ಣರಸ ಪಕ್ಕದ ರಕ್ತನಾಳವನ್ನು ತಿನ್ನುತ್ತಿರಬಹುದು, ದೊಡ್ಡ ರಕ್ತಸ್ರಾವಕ್ಕೆ ಇದೇ ಮುನ್ಸೂಚನೆ. ಸಿಟಿ ಸ್ಕ್ಯಾನ್ ಮಾಡಿ, ತೊಡೆಸಂದಿನಿಂದ ಕ್ಯಾತಿಟರ್ (ತೆಳು ಕೊಳವೆ) ಹಾಕಿ ಆ ನಾಳವನ್ನು ಮುಚ್ಚಬಹುದು.

ಬೇಗ ಗುರುತಿಸುವುದರ ಲಾಭ ಎಷ್ಟು ಅನ್ನುವುದನ್ನು ನೆದರ್‌ಲೆಂಡ್ಸ್‌ನ 17 ಆಸ್ಪತ್ರೆಗಳ ಅಧ್ಯಯನ ತೋರಿಸಿಕೊಟ್ಟಿದೆ. ಅದು 2022ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ಔಷಧಿ ಏನೂ ಕೊಡಲಿಲ್ಲ. ದಿನವೂ ಜ್ವರ, ರಕ್ತಪರೀಕ್ಷೆ, ಡ್ರೈನ್ ನೋಡಿ, ಅನುಮಾನ ಬಂದ ಕೂಡಲೇ ಸಿಟಿ ಮಾಡುವ ಒಂದು ಕಟ್ಟುನಿಟ್ಟಿನ ಕ್ರಮ ಪಾಲಿಸಿದರು, ಅಷ್ಟೇ. 90 ದಿನದೊಳಗಿನ ಸಾವು ಶೇ. 5ರಿಂದ 3ಕ್ಕೆ ಇಳಿಯಿತು. ನನಗೆ ತುಂಬಾ ಭರವಸೆ ಕೊಟ್ಟ ಸಂಶೋಧನೆ ಇದು.

ಇನ್ನೂ ಆಪರೇಷನ್ ಆಗದವರು ಒಂದನ್ನು ಮೊದಲೇ ಕೇಳಿ: ಇಲ್ಲಿ ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡುತ್ತೀರಿ? ಅಮೆರಿಕದ ಹಿರಿಯ ರೋಗಿಗಳ ದಾಖಲೆಗಳ ಮೇಲೆ 2002ರಲ್ಲಿ ಬಂದ ಅಧ್ಯಯನದಲ್ಲಿ, ಪ್ಯಾಂಕ್ರಿಯಾಸ್ ತೆಗೆಯುವ ಆಪರೇಷನ್ ತೀರಾ ಅಪರೂಪವಾಗಿದ್ದ ಕಡೆ ಶೇ. 16.3 ಜನ ತೀರಿಕೊಂಡಿದ್ದರು. ವರ್ಷಕ್ಕೆ 16ಕ್ಕಿಂತ ಜಾಸ್ತಿ ಮಾಡುತ್ತಿದ್ದ ಕಡೆ ಶೇ. 3.8. ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಕೊರತೆ ಇಲ್ಲ, ಆದರೆ ಮನೆಗೆ ಹತ್ತಿರ ಅನ್ನುವ ಕಾರಣಕ್ಕೆ ಇದಕ್ಕೆ ಆಸ್ಪತ್ರೆ ಆರಿಸಬೇಡಿ.

ಡ್ರೈನ್ ಇಟ್ಟುಕೊಂಡೇ ಮನೆಗೆ ಕಳಿಸುವುದೂ ಉಂಟು. ಹಾಸನ, ತುಮಕೂರಿನ ಕಡೆಯಿಂದ ಬಂದವರು ಡಾಕ್ಟರು ಸರಿ ಅನ್ನುವವರೆಗೂ ಊರಿಗೆ ಹೋಗುವ ಆತುರ ಮಾಡಬೇಡಿ. ಜ್ವರ, ಚಳಿ, ವಾಂತಿ, ಕಪ್ಪು ಮಲ ಅಥವಾ ಬ್ಯಾಗಿನಲ್ಲಿ ಕೆಂಪು ಕಂಡರೆ, ಹೊತ್ತು ಎಷ್ಟೇ ಆಗಿರಲಿ, ಡಿಸ್ಚಾರ್ಜ್ ಸಮ್ಮರಿ ಹಿಡಿದು ಆಪರೇಷನ್ ಆದ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ.