ಮೋರಿ ಮತ್ತೆ ಮತ್ತೆ ಕಟ್ಟಿಕೊಂಡರೆ ಆಸಿಡ್ ಏಕೆ ಬೇಡ?

ಪ್ರಶ್ನೆ: ನಮ್ಮದು ಸುಮಾರು 50 ವರ್ಷ ಹಳೆಯ ಮನೆ. ಬಚ್ಚಲಿನ ಮೋರಿ, ಅಡುಗೆಮನೆಯ ಸಿಂಕು ಎರಡು ಮೂರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತವೆ. ಪ್ರತಿ ಸಲವೂ ಆಸಿಡ್ ಸುರಿಯುತ್ತೇವೆ. ಕೆಲವು ದಿನ ನೀರು ಸರಾಗವಾಗಿ ಹೋಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಇದಕ್ಕಿಂತ ಬಲವಾದ ಆಸಿಡ್ ಯಾವುದಾದರೂ ಇದೆಯೇ?

ಈ ಪ್ರಶ್ನೆ ಮೈಸೂರಿನಿಂದ ಬರುತ್ತದೆ, ಹುಬ್ಬಳ್ಳಿಯಿಂದ ಬರುತ್ತದೆ, ಬೆಂಗಳೂರಿನ ಹಳೆಯ ಬಡಾವಣೆಗಳಿಂದಂತೂ ಮಳೆಗಾಲ ಹಿಡಿಯುತ್ತಿದ್ದಂತೆ ಸಾಲುಸಾಲಾಗಿ ಬರುತ್ತದೆ. ವಿವರಗಳು ಬೇರೆ ಬೇರೆ, ಕೊನೆಯ ವಾಕ್ಯ ಮಾತ್ರ ಎಲ್ಲದರಲ್ಲೂ ಒಂದೇ. ಹಿಂದೆಲ್ಲ ಪೈಪು, ಇಳಿಜಾರು, ಚೇಂಬರ್ ಎಂದು ಉದ್ದಕ್ಕೆ ಉತ್ತರ ಬರೆದಿದ್ದೇನೆ. ಓದಿದವರು ಧನ್ಯವಾದ ಹೇಳಿ, ‘ಹಾಗಾದರೆ ಯಾವ ಆಸಿಡ್ ತರಲಿ?’ ಎಂದು ಮತ್ತೆ ಕೇಳುತ್ತಾರೆ. ಆದ್ದರಿಂದ ಈ ಸಲ ಆಸಿಡ್ಡಿನಿಂದಲೇ ಆರಂಭಿಸುತ್ತೇನೆ.

ಅಂಗಡಿಯಲ್ಲಿ ಶೌಚಾಲಯ ತೊಳೆಯಲೆಂದು ಮಾರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ನಿಮ್ಮ ಪೈಪಿನಲ್ಲಿ ಕಟ್ಟಿಕೊಂಡಿರುವುದು ಏನು ಎಂಬುದನ್ನು ಮೊದಲು ನೋಡೋಣ. ಅಡುಗೆಮನೆಯ ಕಡೆ ಜಿಡ್ಡು, ಅನ್ನದ ಅಗುಳು, ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಕಾಫಿ ಗಸಿ, ಪಾತ್ರೆ ಉಜ್ಜುವ ನಾರಿನ ಚೂರುಗಳು. ಬಚ್ಚಲಿನ ಕಡೆ ಕೂದಲು, ಸೋಪಿನ ಕೆನೆ, ಎಣ್ಣೆಸ್ನಾನದ ದಿನದ ಸೀಗೆಪುಡಿ, ಕಡಲೆಹಿಟ್ಟು. ಹಿತ್ತಲ ಕಡೆ ಮಣ್ಣು, ಮರಳು, ಎಲೆ, ಬೇರು. ಇವುಗಳಲ್ಲಿ ಯಾವುದನ್ನು ಈ ಆಮ್ಲ ಕರಗಿಸುತ್ತದೆ? ಜಿಡ್ಡನ್ನು ಕರಗಿಸುವುದಿಲ್ಲ, ತಣ್ಣನೆಯ ಆಮ್ಲ ಅದರ ಮೇಲೆ ಹರಿದು ಹೋಗುತ್ತದೆ. ಕೂದಲನ್ನು ಕರಗಿಸುವುದಿಲ್ಲ, ಕೂದಲಿನ ಕೆರಾಟಿನ್ ಇಂಥ ಆಮ್ಲಕ್ಕೆ ಸುಲಭವಾಗಿ ಜಗ್ಗುವ ವಸ್ತುವಲ್ಲ. ಮರಳನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಚೂರನ್ನು ಮುಟ್ಟುವುದಿಲ್ಲ. ಬೇರಿನ ತುದಿ ಸುಟ್ಟರೂ ಹಿಂದಿನ ಮರ ಜೀವಂತವಾಗಿಯೇ ಇರುತ್ತದೆ.

ಹಾಗಾದರೆ ಅದು ಕರಗಿಸುವುದು ಏನನ್ನು? ಸುಣ್ಣವನ್ನು, ಸಿಮೆಂಟನ್ನು, ಕಬ್ಬಿಣವನ್ನು, ಮೊಸಾಯಿಕ್ ನೆಲದಲ್ಲಿರುವ ಅಮೃತಶಿಲೆಯ ಚೂರುಗಳನ್ನು. ಅಂದರೆ ಕಸವನ್ನು ಬಿಟ್ಟು ನಿಮ್ಮ ಮನೆಯನ್ನು.

ಇದನ್ನು ಹೇಳಿದರೆ ‘ಇಲ್ಲ ಸಾರ್, ಸುರಿದ ತಕ್ಷಣ ಬುಸ್ ಎಂದು ನೊರೆ ಬರುತ್ತದೆ, ನಾವೇ ನೋಡಿದ್ದೇವೆ’ ಎನ್ನುತ್ತಾರೆ. ನೊರೆ ಬರುವುದು ನಿಜ. ಬೋರ್‌ವೆಲ್ ನೀರಿನಿಂದ ಕಟ್ಟಿದ ಸುಣ್ಣದ ಪದರ, ಮೋರಿಯ ಸುತ್ತಲಿನ ಗಾರೆ, ನೆಲದ ಅಮೃತಶಿಲೆ, ಇವೆಲ್ಲ ಆಮ್ಲ ಸೋಕಿದೊಡನೆ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆ ಗುಳ್ಳೆಗಳನ್ನೇ ನೀವು ಕಸ ಕರಗುತ್ತಿರುವ ಗುರುತು ಎಂದು ತಿಳಿದಿದ್ದೀರಿ. ಮತ್ತೆ ನೀರು ಹೋಯಿತಲ್ಲ ಎಂದರೆ, ಆಸಿಡ್ಡಿನ ಹಿಂದೆ ಎರಡು ಬಕೆಟ್ ನೀರನ್ನು ಒಮ್ಮೆಲೇ ಸುರಿದವರೂ ನೀವೇ. ಆ ನೀರಿನ ಭಾರ ಕಸವನ್ನು ಸ್ವಲ್ಪ ಮುಂದಕ್ಕೆ ತಳ್ಳಿರುತ್ತದೆ, ಇಲ್ಲವೇ ನಡುವೆ ಬೆರಳು ಗಾತ್ರದ ದಾರಿ ಮಾಡಿರುತ್ತದೆ. ಕೆಲವು ವಾರಗಳಲ್ಲಿ ಆ ದಾರಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆಸಿಡ್ ಇಲ್ಲದೆ ಬರೀ ನೀರು ಸುರಿದು ರಬ್ಬರ್ ಕಪ್ಪಿನಿಂದ ಒತ್ತಿದ್ದರೂ ಇಷ್ಟು ಫಲ ಸಿಗುತ್ತಿತ್ತು.

ಹಳೆಯ ಮನೆಗಳ ಪಾಲಿಗೆ ಇದು ವಿಶೇಷವಾಗಿ ಕೆಟ್ಟದ್ದು. ಪಿವಿಸಿ ಬರುವ ಮುಂಚೆ ನೆಲದಡಿ ಹಾಕುತ್ತಿದ್ದದ್ದು ಕಂದು ಬಣ್ಣದ, ಹೊಳಪು ಲೇಪವಿರುವ ಸ್ಟೋನ್‌ವೇರ್ ಪೈಪು. ಅದು ಸುಟ್ಟ ಜೇಡಿಮಣ್ಣಿನದು, ಬಹಳ ಒಳ್ಳೆಯ ವಸ್ತು. ಆಮ್ಲಕ್ಕೂ ಅದು ಹೆದರುವುದಿಲ್ಲ. ಆದರೆ ಅದರ ಒಂದೊಂದು ತುಂಡಿನ ಉದ್ದ ಎರಡರಿಂದ ಮೂರು ಅಡಿ ಮಾತ್ರ. ಬಚ್ಚಲಿನಿಂದ ಗೇಟಿನವರೆಗೆ 40 ಅಡಿ ಇದ್ದರೆ ನಡುವೆ ಹದಿನೈದು ಇಪ್ಪತ್ತು ಜೋಡಣೆಗಳಿರುತ್ತವೆ. ಪ್ರತಿ ಜೋಡಣೆಯಲ್ಲೂ ಹುರಿ ಸುತ್ತಿ ಸಿಮೆಂಟ್ ಗಾರೆ ಮೆತ್ತಿರುತ್ತಾರೆ. ಪೈಪು ನೂರು ವರ್ಷ ಬಾಳಬಹುದು, ಆ ಗಾರೆ ಆಸಿಡ್ಡಿನ ಮುಂದೆ ನಿಲ್ಲುವುದಿಲ್ಲ. ಗಾರೆ ಸವೆದ ಕಡೆ ನೀರು ಹೊರಗೆ ಸೋರುತ್ತದೆ, ಸುತ್ತಲಿನ ಮಣ್ಣು ಒಳಗೆ ಬರುತ್ತದೆ, ಬುಡ ಸಡಿಲವಾಗಿ ಪೈಪು ಕುಸಿಯುತ್ತದೆ. ತೇವ ಎಲ್ಲಿದೆ ಎಂದು ಹುಡುಕುವ ಅತ್ತಿಯ ಬೇರು, ಅರಳಿಯ ಬೇರು ಅದೇ ಬಿರುಕಿನಲ್ಲಿ ಕೂದಲೆಳೆಯಂತೆ ನುಗ್ಗಿ ಒಳಗೆ ಜಡೆಗಟ್ಟುತ್ತವೆ. ಕಸ ಅಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೀವು ಮತ್ತೆ ಆಸಿಡ್ ತರುತ್ತೀರಿ. ಕಟ್ಟಿಕೊಳ್ಳುವುದಕ್ಕೆ ಪರಿಹಾರವೆಂದು ನಂಬಿ ಸುರಿಯುತ್ತಿರುವುದೇ ಕಟ್ಟಿಕೊಳ್ಳುವುದಕ್ಕೆ ಕಾರಣವಾಗುತ್ತಿದೆ. ಇದನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೆ ಜನ ಒಪ್ಪುತ್ತಾರೋ ಅಷ್ಟು ದೊಡ್ಡದಾಗಿ ಬರೆಯಲು ನಾನು ಸಿದ್ಧ.

ಇನ್ನೊಂದು ಸಂಗತಿ ಇದೆ, ನನಗೆ ಅದು ಇದಕ್ಕಿಂತ ಮುಖ್ಯ. ನೀವು ಸುರಿದ ಆಸಿಡ್ ಹರಿದು ಹೋಗದೆ ಟ್ರ್ಯಾಪಿನಲ್ಲಿ, ಅಂದರೆ ಮೋರಿಯ ಕೆಳಗೆ ಸದಾ ನೀರು ನಿಲ್ಲುವ ಬಾಗಿದ ಭಾಗದಲ್ಲಿ, ನಿಂತಿರುತ್ತದೆ. ಮಾರನೆಯ ದಿನ ಪ್ಲಂಬರ್ ಬಂದು ಅದರೊಳಗೆ ಕೈ ಹಾಕುತ್ತಾನೆ, ಅಥವಾ ಮುಖ ಬಗ್ಗಿಸಿ ಸ್ಪ್ರಿಂಗ್ ವೈರ್ ತಳ್ಳುತ್ತಾನೆ. ಅವನ ಕಣ್ಣಿಗೆ, ಕೈಗೆ ಏನು ಸಿಡಿಯುತ್ತದೆ ಎಂದು ಯೋಚಿಸಿ. ಏನನ್ನಾದರೂ ಸುರಿದಿದ್ದರೆ, ಬಾಗಿಲು ತೆರೆದ ಕೂಡಲೇ ಅವನಿಗೆ ಹೇಳುವುದು ನಿಮ್ಮ ಕರ್ತವ್ಯ. ಆಸಿಡ್ ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಕಟ್ಟಿದ ಮೋರಿ ಬಿಡಿಸಲೆಂದು ಪೊಟ್ಟಣದಲ್ಲಿ ಸಿಗುವ ಪುಡಿ ಬೇರೆ ಜಾತಿಯದು, ಅದರಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡಿನ ಮೇಲೂ ಕೂದಲಿನ ಮೇಲೂ ನಿಜವಾಗಿ ಕೆಲಸ ಮಾಡುತ್ತದೆ. ಸಿಂಕಿನ ಕೆಳಗಿನ ಹೊಸ ಕಸಕ್ಕೆ, ನೀರು ಇನ್ನೂ ನಿಧಾನವಾಗಿಯಾದರೂ ಹೋಗುತ್ತಿರುವಾಗ, ಪೊಟ್ಟಣದ ಮೇಲಿನ ಸೂಚನೆಯಂತೆ ಬಳಸಿದರೆ ನನ್ನ ಆಕ್ಷೇಪವಿಲ್ಲ. ಪೂರ್ತಿ ಕಟ್ಟಿರುವ ಕಡೆ ಹಾಕಿದರೆ ಅದೇ ಗಟ್ಟಿಯಾಗಿ ಹೊಸ ಬಿರಡೆಯಾಗುತ್ತದೆ. ಆಸಿಡ್ ಇರುವಲ್ಲಿ ಹಾಕಿದರೆ ಕುದಿದು ಸಿಡಿಯುತ್ತದೆ. ಇನ್ನು ಅಡುಗೆ ಸೋಡಾ ಮತ್ತು ವಿನೆಗರ್ ಸುರಿದರೆ, ಅವು ಒಂದನ್ನೊಂದು ತಣಿಸಿಕೊಂಡು ಉಪ್ಪುನೀರಿನಂಥದ್ದಾಗುತ್ತವೆ. ಅವುಗಳಿಂದ ಹಾನಿಯಿಲ್ಲ, ಲಾಭವೂ ಇಲ್ಲ.

ಇನ್ನು ಮಾಡಬೇಕಾದ ಕೆಲಸ. ಒಂದೇ ಮೋರಿ ಮತ್ತೆ ಮತ್ತೆ ಕಟ್ಟುತ್ತಿದೆ ಎಂದರೆ ದೋಷ ಕಸದಲ್ಲಿಲ್ಲ, ಒಂದು ನಿರ್ದಿಷ್ಟ ಜಾಗದಲ್ಲಿದೆ. ಆ ಜಾಗವನ್ನು ಹುಡುಕಬೇಕು. ಸಿಂಕು ಮಾತ್ರ ನಿಲ್ಲುತ್ತಿದ್ದರೆ ಅದರ ಕೆಳಗಿನ ಟ್ರ್ಯಾಪಿನಿಂದ ಹೊರಗಿನ ಗಲ್ಲಿ ಟ್ರ್ಯಾಪಿನವರೆಗೆ (ಸಿಂಕಿನ ನೀರು ಗೋಡೆಯಾಚೆ ಬಂದು ಬೀಳುವ, ಜಾಲರಿಯಿರುವ ಗುಂಡಿ) ನೋಡಿದರೆ ಸಾಕು. ಮಹಡಿಯಲ್ಲಿ ಯಾರೋ ಸ್ನಾನ ಮಾಡಿದಾಗ ಕೆಳಗಿನ ಬಚ್ಚಲಿನಲ್ಲಿ ನೀರು ಉಕ್ಕಿದರೆ ದೋಷ ಮುಖ್ಯ ಲೈನಿನಲ್ಲಿದೆ. ಆಗ ಅಂಗಳದ ಚೇಂಬರ್‌ಗಳ, ಅಂದರೆ ಪೈಪುಗಳು ಬಂದು ಸೇರುವ ಪುಟ್ಟ ತೊಟ್ಟಿಗಳ, ಮುಚ್ಚಳಗಳನ್ನು ಒಂದೊಂದಾಗಿ ತೆರೆಯಿಸಿ. ಒಂದು ಚೇಂಬರ್ ತುಂಬಿದ್ದು ಮುಂದಿನದು ಖಾಲಿಯಿದ್ದರೆ ತಡೆ ಅವೆರಡರ ನಡುವೆ ಇದೆ. ಗೇಟಿನ ಬಳಿಯ ಕೊನೆಯದೂ ತುಂಬಿದ್ದರೆ ರಸ್ತೆಯ ಲೈನ್ ಕಟ್ಟಿದೆ, ನೀವು ಮನೆಯೊಳಗೆ ಏನು ಮಾಡಿದರೂ ವ್ಯರ್ಥ. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಬೇರೆ ಊರುಗಳಲ್ಲಿ ಪಾಲಿಕೆ ಅಥವಾ ನಗರಸಭೆಯ ಒಳಚರಂಡಿ ವಿಭಾಗಕ್ಕೆ ತಿಳಿಸಿ. ಮುಚ್ಚಳ ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ, ಒಳಗೆ ತಲೆ ಹಾಕಬೇಡಿ, ಬೆಂಕಿಕಡ್ಡಿ ಗೀರಬೇಡಿ. ಯಾರನ್ನೂ ಮ್ಯಾನ್‌ಹೋಲಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ದುಡ್ಡು ಕೊಟ್ಟೆವು, ಅವರೇ ಒಪ್ಪಿ ಇಳಿದರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಜಾಗ ಗೊತ್ತಾದ ಮೇಲೆ ಕಾರಣ ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ. ಚೇಂಬರಿನ ತಳದಲ್ಲಿ ನೀರು ಹರಿಯಲು ಅರ್ಧಚಂದ್ರಾಕಾರದ ಕಾಲುವೆ, ಅದರ ಎರಡೂ ಬದಿಗೆ ಇಳಿಜಾರಾದ ಗಾರೆ ಇರಬೇಕು. ಅದು ಒಡೆದು ಹೋಗಿದ್ದರೆ ಕಸ ಅಲ್ಲೇ ಕೂರುತ್ತದೆ. ಒಂದು ಮಧ್ಯಾಹ್ನದ ಗಾರೆ ಕೆಲಸದಿಂದ ವರ್ಷಗಳ ತೊಂದರೆ ತೀರಿದ ಮನೆಗಳಿವೆ. ಮಳೆಗಾಲದಲ್ಲಿ ಮಾತ್ರ ಉಕ್ಕುತ್ತಿದ್ದರೆ ತಾರಸಿಯ ಮಳೆನೀರಿನ ಪೈಪನ್ನು ಯಾರೋ ಇದೇ ಚೇಂಬರಿಗೆ ಬಿಟ್ಟಿದ್ದಾರೆಯೇ ನೋಡಿ. ಒಳಚರಂಡಿ ಮಳೆನೀರಿಗಾಗಿ ಹಾಕಿದ್ದಲ್ಲ. ಆ ಪೈಪನ್ನು ಬಿಡಿಸಿ ಇಂಗುಗುಂಡಿಗೋ ಸಂಪಿಗೋ ತಿರುಗಿಸಿ.

ಇಳಿಜಾರಿನ ಲೆಕ್ಕ ಸುಲಭ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ, ಅಂದರೆ 10 ಅಡಿಗೆ 3 ಇಂಚು. 6 ಇಂಚಿನದಕ್ಕೆ 60 ಅಡಿಗೆ 1 ಅಡಿ. ಹಳೆಯ ಮನೆಗಳಲ್ಲಿ ಇದು ತಪ್ಪುವುದು ಮೊದಲ ಮೇಸ್ತ್ರಿಯಿಂದಲ್ಲ. ಅವನು ಸರಿಯಾಗಿಯೇ ಮಾಡಿದ್ದ. ಆಗ ಪಾತ್ರೆ ತೊಳೆಯುತ್ತಿದ್ದದ್ದು ಹಿತ್ತಲಲ್ಲಿ, ಬೂದಿ ಮತ್ತು ನಾರಿನಿಂದ. ಬಟ್ಟೆ ಒಗೆಯುತ್ತಿದ್ದದ್ದು ಹಿತ್ತಲ ಕಲ್ಲಿನ ಮೇಲೆ. ಆಮೇಲೆ ಸಿಂಕು ಒಳಗೆ ಬಂತು, ವಾಷಿಂಗ್ ಮಷೀನ್ ಬಂತು, ಮಲಗುವ ಕೋಣೆಗೊಂದು ಬಚ್ಚಲು ಬಂತು. ಪ್ರತಿಯೊಂದನ್ನೂ ನೆಲ ಅಗೆಯುವ ಗೋಜು ಬೇಡವೆಂದು ಮಟ್ಟಸವಾಗಿ, 90 ಡಿಗ್ರಿಯ ಬೆಂಡುಗಳನ್ನು ಹಾಕಿ ಆ ಹಳೆಯ ಲೈನಿಗೇ ಸೇರಿಸಿದರು. ಫ್ಲಶ್ಶಿನ ಕಥೆಯೂ ಇಂಥದ್ದೇ. ಸರಪಳಿ ಎಳೆಯುವ ಹಳೆಯ ಕಬ್ಬಿಣದ ತೊಟ್ಟಿ ಒಮ್ಮೆಗೆ 10–12 ಲೀಟರ್ ನೀರನ್ನು ರಭಸದಿಂದ ಬಿಡುತ್ತಿತ್ತು. ಇಂದಿನ ಎರಡು ಗುಂಡಿಯ ಫ್ಲಶ್ 3 ಅಥವಾ 6 ಲೀಟರ್ ಬಿಡುತ್ತದೆ. ನೀರು ಉಳಿಸುವುದು ಒಳ್ಳೆಯದೇ. ಆದರೆ 6 ಇಂಚಿನ ಅಗಲದ, ಅಲ್ಲಲ್ಲಿ ಕುಸಿದ ಹಳೆಯ ಪೈಪಿನಲ್ಲಿ 3 ಲೀಟರ್ ನೀರು ತೆಳ್ಳಗೆ ಹರಡಿ ಮುಂದೆ ಹೋಗಿಬಿಡುತ್ತದೆ, ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಲೈನ್ ಸರಿಪಡಿಸುವವರೆಗೆ ಇಂಥ ಮನೆಯಲ್ಲಿ ದೊಡ್ಡ ಗುಂಡಿಯನ್ನೇ ಒತ್ತಿ.

ದುರಸ್ತಿಗೆ ಇಡೀ ಲೈನ್ ಅಗೆಯಬೇಕೆಂದೇನಿಲ್ಲ. ಎರಡು ಚೇಂಬರ್‌ಗಳ ನಡುವಿನ ಕೆಟ್ಟ ಭಾಗವನ್ನಷ್ಟೇ ತೆಗೆದು 110 ಮಿಲಿಮೀಟರ್ ಪಿವಿಸಿ ಹಾಕಿಸಿ. ನೀರು ತುಂಬಿದ ಟ್ಯೂಬಿನಿಂದ ಮಟ್ಟ ಹಿಡಿದು ಇಳಿಜಾರನ್ನು ನಿಮ್ಮ ಎದುರೇ ತೋರಿಸಲು ಹೇಳಿ. ತಿರುವಿನಲ್ಲಿ ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45 ಡಿಗ್ರಿಯವು, ಕೈಗೆಟುಕುವ ಕಡೆ ತೆರೆದು ಕಸ ತೆಗೆಯಲು ಬಾಗಿಲಿರುವ ಬೆಂಡು ಹಾಕಿಸಿ. ಮುಚ್ಚುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಆ ಮನೆಯಲ್ಲಿ ಇರುವವರಿಗೆ ಅದು ತುಂಬ ಬೆಲೆಬಾಳುತ್ತದೆ. ಅಡುಗೆಮನೆಯ ಮಟ್ಟಿಗೆ, ಬಾಣಲೆಯ ಜಿಡ್ಡನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಕುದಿಯುವ ನೀರು ಸುರಿದರೆ ಜಿಡ್ಡು ಕರಗಿ ನಾಲ್ಕಾರು ಅಡಿ ಮುಂದೆ ಹೋಗಿ, ಚಳಿಗಾಲದ ತುಪ್ಪದ ಹಾಗೆ ಅಲ್ಲಿ ಹೆಪ್ಪುಗಟ್ಟುತ್ತದೆ, ಅಷ್ಟೇ.

ಯಾರೂ ಕೇಳದಿದ್ದರೂ ಇದರ ಜೊತೆಗೇ ಹೇಳಬೇಕಾದದ್ದು ವಾಸನೆಯ ವಿಷಯ. ನೀರು ಸರಾಗವಾಗಿ ಹೋಗುತ್ತಿದ್ದರೂ ಬಚ್ಚಲು ನಾರುತ್ತದೆ ಎಂದು ಅಲ್ಲಿಗೂ ಆಸಿಡ್ ಸುರಿಯುವವರಿದ್ದಾರೆ. ಮೋರಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರಬೇಕು, ಒಳಚರಂಡಿಯ ಗಾಳಿಯನ್ನು ತಡೆಯುವುದು ಆ ನೀರು. ಅತಿಥಿಗಳು ಬಂದಾಗ ಮಾತ್ರ ಬಳಸುವ ಬಚ್ಚಲಿನಲ್ಲಿ, ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದಾಗ, ಅದು ಒಣಗಿಹೋಗುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ವಾಸನೆ ನಿಲ್ಲುತ್ತದೆ. ದಿನವೂ ಬಳಸುವ ಬಚ್ಚಲಿನಲ್ಲೇ ವಾಸನೆ ಬರುತ್ತಿದ್ದರೆ, ಮತ್ತು ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಮೋರಿ ಗೊಳಗೊಳ ಎಂದು ಸದ್ದು ಮಾಡುತ್ತಿದ್ದರೆ, ಟ್ರ್ಯಾಪಿನ ನೀರನ್ನು ಪೈಪು ಎಳೆದುಕೊಳ್ಳುತ್ತಿದೆ ಎಂದು ತಿಳಿಯಿರಿ. ಹೀಗಾಗದಂತೆ ಲೈನಿಗೆ ಗಾಳಿ ಒದಗಿಸಲೆಂದೇ ಹಳೆಯ ಮನೆಗಳ ಹಿಂಬದಿಯಲ್ಲಿ ತಾರಸಿಗಿಂತ ಎತ್ತರಕ್ಕೆ ಒಂದು ಗಾಳಿ ಪೈಪು ನಿಂತಿರುತ್ತಿತ್ತು. ಮೇಲಂತಸ್ತು ಕಟ್ಟುವಾಗ, ಬಣ್ಣ ಹೊಡೆಸುವಾಗ ಅದನ್ನು ಅನಾವಶ್ಯಕವೆಂದು ಕತ್ತರಿಸಿ ಬಾಯಿಗೆ ಸಿಮೆಂಟ್ ಮೆತ್ತಿದವರು ಬಹಳ ಮಂದಿ. ನಿಮ್ಮ ಮನೆಯಲ್ಲೂ ಹಾಗಾಗಿದ್ದರೆ ಆ ಬಾಯಿ ತೆರೆಸಿ, ಪೈಪನ್ನು ಮೇಲಿನ ಕಿಟಕಿಗಳಿಗಿಂತ ಎತ್ತರಕ್ಕೆ ಏರಿಸಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿಸಿ.